ಅಶ್ವಗಂಧದ ಬೇರು ಮತ್ತು ಯಕೃತ್ತಿನ ದಾರಿ: ಆಲ್ಜೈಮರ್ ಸಂಶೋಧನೆಯ ಒಂದು ಪರಿಶೀಲನೆ

ಆಲ್ಜೈಮರ್ ಕಾಯಿಲೆಗೆ ಸಸ್ಯಸಾರಗಳಲ್ಲಿ ಮದ್ದು ಹುಡುಕುವವರು ಹೆಚ್ಚಾಗಿ ತುಳಿದದ್ದು ಒಂದೇ ಜಾಡು: ನರಸಂದೇಶವಾಹಕವನ್ನು ಒಡೆಯುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವವನ್ನು ಸಾರವು ತಡೆಯುತ್ತದೆಯೇ ಎಂದು ಪ್ರನಾಳದಲ್ಲಿ ನೋಡುವುದು. ಜಾಡು ಹುಟ್ಟಿದ್ದು ಒಂದು ನಿಜವಾದ ಗೆಲುವಿನಿಂದ. ಈ ಕಿಣ್ವವನ್ನು ತಡೆಯುವ, ಸ್ನೋಡ್ರಾಪ್ ಗಿಡದ ಗ್ಯಾಲಂಟಮೀನನ್ನು 1950ರ ದಶಕದಲ್ಲಿ ಬಲ್ಗೇರಿಯಾದ ದಿಮಿತರ್ ಪಾಸ್ಕೋವ್ ಔಷಧರೂಪಕ್ಕೆ ತಂದರು. 2001ರಲ್ಲಿ ಅಮೆರಿಕವು ಅದನ್ನು ಈ ಕಾಯಿಲೆಗೆ ಒಪ್ಪಿತು. ಲಕ್ಷಣಗಳಿಗೆ ಅದರಿಂದ ಅಲ್ಪಸ್ವಲ್ಪ ಉಪಶಮನ ಸಿಗುತ್ತದೆ, ನರಕೋಶಗಳ ಅಳಿವು ನಿಲ್ಲುವುದಿಲ್ಲ.

ಈ ಜಾಡಿನಿಂದ ಹೊರಗೆ ನಿಂತ ಅಧ್ಯಯನವೆಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ್ದು. ಅಶ್ವಗಂಧದ, ನಮ್ಮ ಹಳ್ಳಿಗರ ಹಿರೇಮದ್ದಿನ, ಬೇರಿನ ಅರೆಶುದ್ಧ ಸಾರವನ್ನು ಆಲ್ಜೈಮರ್ ಲಕ್ಷಣಗಳು ಮೂಡುವಂತೆ ರೂಪಿಸಿದ ಕುಲಾಂತರಿ ಇಲಿಗಳಿಗೆ 30 ದಿನ ಬಾಯಿಯ ಮೂಲಕ ಕೊಟ್ಟಾಗ ಈ ಕಾಯಿಲೆಯಲ್ಲಿ ಮಿದುಳಿನಲ್ಲಿ ಶೇಖರವಾಗುವ ಬೀಟಾ ಅಮೈಲಾಯ್ಡ್ ಇಳಿಯಿತು, ವರ್ತನೆಯೂ ಸುಧಾರಿಸಿತು. ಇಷ್ಟೇ ಆಗಿದ್ದರೆ ಅದು ಹತ್ತರೊಡನೆ ಹನ್ನೊಂದಾಗುತ್ತಿತ್ತು. ಕುತೂಹಲ ಇರುವುದು ಘಟನೆಗಳ ಕ್ರಮದಲ್ಲಿ. ಏಳನೆಯ ದಿನಕ್ಕೇ ಯಕೃತ್ತಿನಲ್ಲಿ ಎಲ್‌ಆರ್‌ಪಿ ಎಂಬ ಗ್ರಾಹಕ ಪ್ರೋಟೀನು ಹೆಚ್ಚಿತ್ತು. ಅದರ ಕರಗುವ ರೂಪ ರಕ್ತದಲ್ಲಿ ಏರಿ ಅಮೈಲಾಯ್ಡನ್ನು ಮಿದುಳಿನಿಂದ ಹೊರಕ್ಕೆ ಸೆಳೆಯುತ್ತಿತ್ತು. ಮಿದುಳಿನ ಸೂಕ್ಷ್ಮ ರಕ್ತನಾಳಗಳಲ್ಲಿ ಅದೇ ಪ್ರೋಟೀನು ಹೆಚ್ಚಿದ್ದು ಆಮೇಲೆ. ಯಕೃತ್ತಿನ ಎಲ್‌ಆರ್‌ಪಿಯನ್ನು ಮಾತ್ರ ಆಯ್ದು ತಗ್ಗಿಸಿದಾಗ ಸಾರದ ಗುಣವೇ ಇಲ್ಲವಾಯಿತು. ಎಂದರೆ, ಸಾರವು ರಕ್ತ-ಮಿದುಳು ತಡೆಗೋಡೆಯನ್ನು ದಾಟಲೇಬೇಕೆಂಬ ಷರತ್ತು, ಅನೇಕ ಸಸ್ಯಸಂಯುಕ್ತಗಳನ್ನು ಬದಿಗೆ ಸರಿಸಿದ ಷರತ್ತು, ಇಲ್ಲಿ ಅನ್ವಯಿಸುವುದಿಲ್ಲ.

ಆದರೂ ಇಲಿಯಿಂದ ರೋಗಿಗೆ ದಾರಿ ನೇರವಲ್ಲ. ಪ್ರಯೋಗದ ಪ್ರಮಾಣ ಕಿಲೋ ತೂಕಕ್ಕೆ 1 ಗ್ರಾಂ. ದೇಹದ ಮೇಲ್ಮೈಯನ್ನು ಆಧರಿಸಿದ ರೂಢಿಯ ಲೆಕ್ಕದಲ್ಲಿ ಇದು 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 5 ಗ್ರಾಂ ಆಗುತ್ತದೆ; ಅದೂ ಬೇರಿನ ಪುಡಿಯಲ್ಲ, ಬೇರಿನ ಸಕ್ರಿಯ ಸಂಯುಕ್ತಗಳಾದ ವಿಥನೊಲೈಡ್‌ಗಳು ಸಾಂದ್ರವಾದ ಸಾರ. ಅಂಗಡಿಯ ಚೂರ್ಣದ ಡಬ್ಬಿಗೆ ಈ ಅಧ್ಯಯನವನ್ನು ಸಾಕ್ಷಿಯಾಗಿ ಅಂಟಿಸುವುದು ಸಲ್ಲದು. ಅಶ್ವಗಂಧ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಮದ್ದು ಕೆಲಸ ಮಾಡುವ ಅಂಗವೇ ಪೆಟ್ಟು ತಿನ್ನುವ ಅಂಗವೂ ಆಗಿರುವುದನ್ನು ಕಡೆಗಣಿಸಲಾಗದು. ಇನ್ನು ಈ ಇಲಿಗಳಲ್ಲಿ ಅಮೈಲಾಯ್ಡ್ ಗಂಟುಗಟ್ಟುತ್ತದೆ. ಮನುಷ್ಯರಲ್ಲಿ ಕಾಣುವ ಟೌ ಪ್ರೋಟೀನಿನ ಸಿಕ್ಕುಗಳು ಮೂಡುವುದಿಲ್ಲ.

ಗಿಂಕೊ ಎಲೆಯ ಸಾರದ ಕತೆ ಇಲ್ಲಿ ನೆನಪಾಗಬೇಕು. ಪ್ರಯೋಗಾಲಯದ ಫಲಿತಾಂಶಗಳು ಉತ್ತೇಜಕವಾಗಿದ್ದವು, ಸಾರವೂ ಪ್ರಮಾಣೀಕೃತ. ಆದರೆ 75 ದಾಟಿದ 3,069 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಡಿಮೆನ್ಷಿಯಾ ಬಂದವರು ಗಿಂಕೊ ಗುಂಪಿನಲ್ಲಿ 277, ಹುಸಿಮದ್ದಿನ ಗುಂಪಿನಲ್ಲಿ 246.

ಅಶ್ವಗಂಧಕ್ಕೆ ಒಂದು ಅನುಕೂಲವಿದೆ: ಅದರ ಊಹೆಯನ್ನು ವರ್ಷಗಟ್ಟಲೆ ಕಾಯದೆ ಪರೀಕ್ಷಿಸಬಹುದು. ಮನುಷ್ಯರಲ್ಲೂ ಕರಗುವ ಎಲ್‌ಆರ್‌ಪಿ ಮೊದಲ ವಾರಗಳಲ್ಲೇ ಏರುತ್ತದೆಯೇ ಎಂಬುದನ್ನು, ಯಕೃತ್ತಿನ ಕಿಣ್ವಗಳ ಜೊತೆಗೇ, ರಕ್ತದಲ್ಲಿ ಅಳೆಯಬಹುದು. ಏರದಿದ್ದರೆ ನೆನಪಿನ ಶಕ್ತಿಯ ದೀರ್ಘ ಪರೀಕ್ಷೆಗೆ ಹಣ ಸುರಿಯಬೇಕಾಗಿಲ್ಲ.