ದೊಡ್ಡ ಮನೆಯ ಜಗಲಿ

ಹಣ ಕೊಟ್ಟು ಇನ್ನೊಬ್ಬರ ಮನೆಯಲ್ಲಿ ಮಲಗಿ ಬರುವುದು ನಮ್ಮ ಅಮ್ಮಂದಿರ ಕಾಲದ ಹೆಂಗಸರಿಗೆ ಊಹೆಗೂ ನಿಲುಕದ ಮಾತು. ಊರು ಬಿಟ್ಟು ಹೋದರೆ ನೆಂಟರ ಮನೆ. ನೆಂಟರಿಲ್ಲದ ಕಡೆ ಛತ್ರ, ಇಲ್ಲವೆ ದೇವಸ್ಥಾನದ ಪೌಳಿ. ಶಂಕರನಾರಾಯಣ, ಕೊಲ್ಲೂರು, ಕುಂಭಾಸಿ, ಕೋಟೇಶ್ವರ ಎಂದು ಕ್ಷೇತ್ರ ಸುತ್ತುವವರು ಅಂಥಲ್ಲೇ ಚಾಪೆ ಬಿಡಿಸುತ್ತಿದ್ದರು. ಈಗ ನಮ್ಮೂರಿನಿಂದ ಘಟ್ಟದ ಕಡೆ ಹೊರಟರೆ ದಾರಿಯುದ್ದಕ್ಕೂ ‘ಹೋಂಸ್ಟೇ’ ಎಂಬ ಹಲಗೆಗಳು. ಅವುಗಳಲ್ಲಿ ಹೆಚ್ಚು ಬೆಲೆ ಹಳೆಯ ಮನೆಗಳಿಗೆ. ಕಂಬ ದಪ್ಪವಿದ್ದಷ್ಟೂ, ಬಾಗಿಲು ತಗ್ಗಾಗಿದ್ದಷ್ಟೂ ಪೇಟೆಯವರಿಗೆ ಪ್ರೀತಿ.

ಹಳೆಯ ಮನೆಯನ್ನು ಉಳಿಸಿ, ಅದರಲ್ಲಿ ರಜೆ ಕಳೆಯುವ ಪದ್ಧತಿ ಚೆನ್ನಾಗಿ ಬೇರೂರಿದ ದೇಶ ಇಂಗ್ಲೆಂಡು. ಅದರ ಹಿಂದೆ ಒಬ್ಬ ಹೆಂಗಸಿನ ಶ್ರಮವಿದೆ ಎಂಬುದನ್ನು ಓದಿದಾಗ ನನಗೆ ಸಂತೋಷವಾಯಿತು. ಆಕ್ಟೇವಿಯಾ ಹಿಲ್ ಲಂಡನ್ನಿನ ಬಡವರ ಮುರುಕಲು ಮನೆಗಳನ್ನು ರಿಪೇರಿ ಮಾಡಿಸಿ, ನ್ಯಾಯವಾದ ಬಾಡಿಗೆಗೆ ಕೊಡುವ ಕೆಲಸವನ್ನು 1865ರಲ್ಲಿ ಆರಂಭಿಸಿದವಳು. ಬಾಡಿಗೆ ವಸೂಲಿಗೆ ಹೆಂಗಸರನ್ನೇ ತರಬೇತು ಮಾಡಿದಳು. ಅದೇ ಆಕೆ 1895ರಲ್ಲಿ ಇಬ್ಬರು ಸಂಗಡಿಗರೊಡನೆ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಕಟ್ಟಿದಳು. ಮರುವರ್ಷ ಸಂಸ್ಥೆ ಕೊಂಡ ಮೊದಲ ಕಟ್ಟಡ ಸಸೆಕ್ಸ್ ಪ್ರಾಂತ್ಯದ ಆಲ್ಫ್ರಿಸ್ಟನ್ ಹಳ್ಳಿಯಲ್ಲಿ ಪಾದ್ರಿಗಳಿದ್ದ ಹದಿನಾಲ್ಕನೆಯ ಶತಮಾನದ ಮನೆ. ಮರದ ಚೌಕಟ್ಟು, ನಮ್ಮ ಮುಳಿಹುಲ್ಲಿನ ಮಾಡಿನ ಹಾಗೆ ಹುಲ್ಲಿನ ಹೊದಿಕೆ. ಕೊಟ್ಟ ಬೆಲೆ ಹತ್ತು ಪೌಂಡು. ಮುಂದೆ 1965ರಲ್ಲಿ ಹುಟ್ಟಿದ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಬೀಳುವ ಸ್ಥಿತಿಯಲ್ಲಿದ್ದ ಕಟ್ಟಡಗಳನ್ನು ಸರಿಪಡಿಸಿ, ರಜೆಯ ವಸತಿಗೆ ಕೊಟ್ಟು, ಬಂದ ಬಾಡಿಗೆಯಲ್ಲೇ ಅವುಗಳ ಪೋಷಣೆ ನಡೆಸುತ್ತ ಬಂತು. ಅಂಥ ಮನೆಯಲ್ಲಿ ಒಂದು ಪುಸ್ತಕ ಇಟ್ಟಿರುತ್ತಾರಂತೆ. ಉಳಿದು ಹೋಗುವವರು ತಮ್ಮ ಅನುಭವವನ್ನು ಅದರಲ್ಲಿ ಬರೆಯುತ್ತಾರೆ.

ನಮ್ಮ ಕಡೆ ಇದಕ್ಕೆ ಹತ್ತಿರದ ಉದಾಹರಣೆ ಬೇಕೆಂದರೆ ಹೆಬ್ರಿ, ಸೋಮೇಶ್ವರ ದಾಟಿ ಘಾಟಿಯ ತಿರುವುಗಳನ್ನು ಹತ್ತಿದರೆ ಸಾಕು, ಆಗುಂಬೆ. 1956ರವರೆಗೆ ಅದು ಮೈಸೂರು ಸಂಸ್ಥಾನದ ಊರು, ಕೆಳಗಿನ ನಾವು ಮದ್ರಾಸಿನವರು. ಅಲ್ಲಿಯ ‘ದೊಡ್ಡ ಮನೆ’ ನೂರು ವರ್ಷ ದಾಟಿದ್ದು. ನಡುವೆ ಅಂಗಳ, ಸುತ್ತ ಮರದ ಕಂಬಗಳ ಜಗಲಿ, ಮೇಲೆ ಉಪ್ಪರಿಗೆ. ಎಂಬತ್ತರ ದಶಕದಲ್ಲಿ ಶಂಕರನಾಗ್ ಆರ್.ಕೆ. ನಾರಾಯಣರ ‘ಮಾಲ್ಗುಡಿ ಡೇಸ್’ ಚಿತ್ರಿಸಿದಾಗ ಸ್ವಾಮಿಯ ಮನೆಯಾದದ್ದು ಇದೇ. ಆ ಮನೆಯವರು ಬಂದವರಿಗೆ ಊಟ, ವಸತಿ ಕೊಡುತ್ತ ಬಂದವರು. ನಾವು ನಾಲ್ವರು ಶಿಕ್ಷಕಿಯರು ಒಂದು ಮಳೆಗಾಲದ ರಾತ್ರಿ ಅಲ್ಲಿ ಉಳಿದಾಗ ಇಂತಿಷ್ಟೆಂಬ ದರವೇ ಇರಲಿಲ್ಲ. ಮನಸ್ಸಿಗೆ ಬಂದಷ್ಟು ಕೊಟ್ಟರಾಯಿತು.

ಮಳೆ ಅಂಗಳಕ್ಕೆ ಸುರಿಯುವುದನ್ನು ನೋಡುತ್ತ ಗೆಳತಿಯರು ಕಂಬದ ಕೆತ್ತನೆಯನ್ನು ಹೊಗಳುತ್ತಿದ್ದರು. ನನ್ನ ಕಣ್ಣು ಅಡುಗೆಮನೆಯ ಮೇಲಿತ್ತು. ಇಷ್ಟು ಉದ್ದದ ಜಗಲಿಯನ್ನು ದಿನಾ ಗುಡಿಸಿ ಒರೆಸಬೇಕು. ಆಗುಂಬೆಯ ಮಳೆಗೆ ಬಟ್ಟೆ ಒಣಗುವುದಿಲ್ಲ, ಸೌದೆ ಹತ್ತುವುದಿಲ್ಲ, ಮರಕ್ಕೆ ಬೂಷ್ಟು ಹಿಡಿಯುತ್ತದೆ. ಬೆಳಿಗ್ಗೆ ಒಲೆ ಹೊತ್ತಿದರೆ ಹೊಗೆ ಮಾಡಿನ ಮರಕ್ಕೆ ತಾಗಿ ಹುಳ ದೂರ ಇರುತ್ತದೆ. ಜನ ಓಡಾಡಿದರೆ ಗೆದ್ದಲು ಎಲ್ಲಿ ಹತ್ತಿತೆಂದು ಬೇಗ ತಿಳಿಯುತ್ತದೆ. ಬೀಗ ಹಾಕಿದ ಮನೆ ನಾಲ್ಕು ಮಳೆಗಾಲ ತಡೆಯುವುದು ಕಷ್ಟ. ಮನೆ ಕಟ್ಟಿಸಿದ ಹಿರಿಯರ ಹೆಸರು ಎಲ್ಲ ಕಡೆ ಹೇಳುತ್ತಾರೆ. ಅದನ್ನು ಇಲ್ಲಿಯವರೆಗೆ ಎಳೆದು ತಂದದ್ದು ಒಲೆಯ ಮುಂದೆ ಕೂತವರು.

ಘಟ್ಟದ ಕೆಳಗಿನ ನಮ್ಮ ದೊಡ್ಡ ಮನೆಗಳ ಕಥೆ ಇನ್ನೊಂದು ಬಗೆಯದು. ಅವುಗಳನ್ನು ನಿಲ್ಲಿಸಿದ್ದು ಗೇಣಿ ಅಕ್ಕಿ. ಮೂಲಗೇಣಿ, ಚಾಲಗೇಣಿ ಎಂದು ಎರಡು ತೆರ. ಮೂಲಗೇಣಿಯವನಿಗೆ ಭೂಮಿಯ ಮೇಲೆ ಕಾಯಂ ಹಕ್ಕು. ಚಾಲಗೇಣಿಯವನನ್ನು ಧನಿಗಳು ಬೇಕಾದಾಗ ಎಬ್ಬಿಸಬಹುದಿತ್ತು. ಸುಗ್ಗಿ ಮುಗಿದರೆ ಒಕ್ಕಲು ಮನೆಯ ಹೆಂಗಸರು ಭತ್ತ ಬೇಯಿಸಿ, ಒಣಗಿಸಿ, ಕುಟ್ಟಿ ಕುಚ್ಚಲಕ್ಕಿ ಮಾಡುವರು. ಗಂಡಸರು ಬೈಹುಲ್ಲಿನ ಮುಡಿ ಕಟ್ಟಿ ಧನಿಗಳ ಅಂಗಳಕ್ಕೆ ಹೊರುವರು. ಆ ಅಕ್ಕಿಯಿಂದಲೇ ಮರ ಬಂತು, ಬಡಗಿಗಳು ಬಂದರು, ಚಾವಡಿ ಎದ್ದಿತು. ನನ್ನ ಒಬ್ಬ ವಿದ್ಯಾರ್ಥಿನಿಯ ಅಜ್ಜಿ ಹಿಂದೆ ಹೇಳಿದ ಮಾತು: “ಆ ಮನಿ ಅಂಗ್ಳ ಎಷ್ಟ್ ಸಲ ಸಾರ್ಸಿದ್ನೋ ಲೆಕ್ಕ ಇಲ್ಲೆ ಟೀಚರೇ, ಜಗ್ಲಿ ಮಾತ್ರ ಹತ್ಲಿಲ್ಲೆ.” ಜಗಲಿಯ ಒಳಗೂ ಎಲ್ಲರಿಗೆ ಎಲ್ಲ ಜಾಗ ಇರಲಿಲ್ಲ. ಚಾವಡಿ ಗಂಡಸರದು. ಮುಟ್ಟಾದವಳು ಹೊರಗೆ, ಗಂಡ ಸತ್ತವಳಿಗೆ ಕತ್ತಲೆ ಕೋಣೆ ಮತ್ತು ಮುಗಿಯದ ಕೆಲಸ.

ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಒಕ್ಕಲುಗಳು ಭೂ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು, ತಾವು ಉತ್ತ ಗದ್ದೆಗೆ ತಾವೇ ಒಡೆಯರಾದರು. ಎರಡು ಗದ್ದೆಯ ಗೇಣಿಯಲ್ಲೇ ಬದುಕುತ್ತಿದ್ದ ವಿಧವೆಯರೂ ಭೂಮಿ ಕಳೆದುಕೊಂಡರು ಎಂಬುದು ನಿಜ. ಆದರೂ ಸಾವಿರಾರು ಮನೆಗಳಲ್ಲಿ ಮಕ್ಕಳು ಹೊಟ್ಟೆ ತುಂಬ ಉಂಡು ಶಾಲೆಯ ಮೆಟ್ಟಿಲು ಹತ್ತಿದ್ದು ಆ ಮೇಲೆಯೇ. ಗೇಣಿ ನಿಂತಿತು, ದೊಡ್ಡ ಮನೆಯ ಮಾಡು ಹೊದೆಸಲು ಹಣವಿಲ್ಲ. ಪಾಲಾಯಿತು, ಮಕ್ಕಳು ಬೊಂಬಾಯಿ, ಬೆಂಗಳೂರು ಸೇರಿದರು. ಕಂಬ, ದಾರಂದ, ಬಾಗಿಲು ಬಿಡಿಬಿಡಿಯಾಗಿ ಮರದ ವ್ಯಾಪಾರಿಗಳ ಲಾರಿ ಹತ್ತಿದವು.

ಹಾಗೆ ಹೋಗುತ್ತಿದ್ದುದನ್ನು ಕಂಡು ಮರುಗಿ, ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ಕಟ್ಟಿಸಿದವರು 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈಯವರು. ಅವರ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ನಮ್ಮ ಕುಂದಾಪುರ ಕಡೆಯ ಹರ್ಕೂರಿನ ಮನೆಯೂ ಇದೆ. ಅವರು ಹಾಗೆ ಮಾಡದಿದ್ದರೆ ನಮ್ಮ ಮಕ್ಕಳಿಗೆ ತೋರಿಸಲು ಏನೂ ಇರುತ್ತಿರಲಿಲ್ಲ. ಆದರೆ ಅಲ್ಲಿ ನೋಡಬಹುದು, ಮಲಗುವಂತಿಲ್ಲ. ಒಲೆ ಇದೆ, ಬೆಂಕಿ ಇಲ್ಲ. ಇದ್ದ ಜಾಗದಲ್ಲೇ ಮನೆ ಉಳಿಯಬೇಕಾದರೆ ಅದಕ್ಕೆ ಸಂಪಾದನೆ ಬೇಕು. ಗೇಣಿ ಅಕ್ಕಿ ಹೋದ ಜಾಗಕ್ಕೆ ಅತಿಥಿಯ ಬಾಡಿಗೆ ಬಂದರೆ ನನಗೆ ಅದರಲ್ಲಿ ಅವಮಾನ ಕಾಣುವುದಿಲ್ಲ. ಇದು ಯಾರನ್ನೂ ಎಬ್ಬಿಸುವ ಹಣವಲ್ಲ. ಅಡುಗೆ ಬಡಿಸುವ ಮನೆಯಾಕೆಗೂ, ಕೆಲಸಕ್ಕೆ ಬರುವ ನೆರೆಯವಳಿಗೂ ಅದರಲ್ಲಿ ನ್ಯಾಯವಾದ ಪಾಲು ಸಿಗಬೇಕು, ಅಷ್ಟೆ.

ಅಂಥ ಮನೆಯಲ್ಲಿ ಉಳಿಯುವ ನಮ್ಮಂಥ ಹೆಂಗಸರಿಗೂ ಒಂದು ಕೆಲಸವಿದೆ. ಚಾವಡಿಯ ಕೆತ್ತನೆ ನೋಡಿದ ಮೇಲೆ ಅಡುಗೆಮನೆಯನ್ನೂ ತೋರಿಸಿ ಎಂದು ಕೇಳೋಣ. ಒನಕೆ ಯಾರು ಹಿಡಿದರು, ಹಂಡೆಗೆ ನೀರು ಯಾರು ಹೊತ್ತರು, ಅಂಗಳದಿಂದಲೇ ಯಾರು ಹಿಂದಿರುಗಿದರು ಎಂದು ವಿಚಾರಿಸೋಣ. ಹೇಳುವ ಅಜ್ಜಿಯರು ಇನ್ನೂ ಇದ್ದಾರೆ, ಆದರೆ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇಂಗ್ಲೆಂಡಿನವರ ಹಾಗೆ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟರೆ, “ಊಟ ರುಚಿಯಾಗಿತ್ತು” ಎಂಬುದರ ಜೊತೆ ಇದನ್ನೂ ಬರೆಯಬಹುದು. ಜಗಲಿ ಹತ್ತದ ಆ ಅಜ್ಜಿಯ ಮೊಮ್ಮಗಳು ಇವತ್ತು ಹಣ ಕೊಟ್ಟು ಅಂಥದೇ ಮನೆಯ ಉಪ್ಪರಿಗೆಯಲ್ಲಿ ನಿದ್ದೆ ಮಾಡಬಹುದು. ಮನೆಯ ಚರಿತ್ರೆಯಲ್ಲಿ ಅದಕ್ಕೂ ಒಂದು ಪುಟ ಸಲ್ಲಬೇಕು.