ಹುಕ್ಕಾ ಹೋಯಿತು, ಬಿದ್ರಿ ಉಳಿಯಿತು. ಎಷ್ಟು ಉಳಿಯಿತು?

ಈ ಸಂಚಿಕೆ ಶುರುವಾಗೋದು ನಮ್ಮಮ್ಮ ಮಾಡಿದ ಒಂದು ಎಡವಟ್ಟಿನಿಂದ.

ನಮ್ಮನೆ ಶೋಕೇಸಿನಲ್ಲಿ ಒಂದು ಕಪ್ಪು ಹೂದಾನಿ ಇತ್ತು. ಮೈತುಂಬಾ ಬೆಳ್ಳಿ ಬಳ್ಳಿ, ಬೆಳ್ಳಿ ಹೂವು. ಅರವತ್ತರ ದಶಕದಲ್ಲಿ ನಮ್ಮ ತಾತನಿಗೆ ಬೀದರ್‌ಗೆ ವರ್ಗ ಆಗಿತ್ತಂತೆ. ಹಳೇ ಮೈಸೂರಿನ ಕಡೆ ನೌಕರರಿಗೆ ಬೀದರ್ ಅಂದ್ರೆ ಆಗ ಶಿಕ್ಷೆಯ ವರ್ಗಾವಣೆ. ಮೂರು ವರ್ಷ ಅಲ್ಲಿ ಕಳೆದು ವಾಪಸ್ ಬರುವಾಗ ತಾತ ತಂದದ್ದು ಇದೊಂದೇ. ಹೋದ ದೀಪಾವಳಿಗೆ ಅಮ್ಮ ಹಿತ್ತಾಳೆ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ಬೆಳಗುತ್ತಾ ಇದ್ದರು. 'ಇದೂ ಕಪ್ಪಿಟ್ಟುಬಿಟ್ಟಿದೆ' ಅಂತ ಹೂದಾನಿಯನ್ನೂ ಜತೆಗೆ ಸೇರಿಸಿದರು. ಚೆನ್ನಾಗಿ ತಿಕ್ಕಿದರು. ಸಂಜೆ ನಾನು ನೋಡಿದಾಗ ಅದು ಬೂದಿ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಕಲೆ ಕಲೆಯಾಗಿ, ಮಳೆಯಲ್ಲಿ ನೆನೆದ ಹಳೇ ತಗಡಿನ ಹಾಗೆ ಕಾಣ್ತಿತ್ತು. ಬೆಳ್ಳಿ ಹೂವು ಇತ್ತು, ಆದರೆ ಹಿಂದೆ ಕಪ್ಪಿಲ್ಲದೆ ಅದು ಕಾಣೋದೇ ಇಲ್ಲ.

ಅದನ್ನ ಸರಿ ಮಾಡಿಸೋಕೆ ಹೋಗಿ ನಾನು ಬಿದ್ರಿ ಚರಿತ್ರೆಯೊಳಗೆ ಬಿದ್ದೆ. ನಾನು ಓದಿದ್ದು ಬಿಕಾಂ. ಇತಿಹಾಸ ನನಗೆ ಹತ್ತನೇ ಕ್ಲಾಸಿಗೇ ಮುಗಿದಿತ್ತು. ಹಾಗಾಗಿ ಈ ಕತೆಯಲ್ಲಿ ರಾಜರಿಗಿಂತ ಜಾಸ್ತಿ ನನ್ನ ಕಣ್ಣು ಹೋಗಿದ್ದು ಗಿರಾಕಿಗಳ ಮೇಲೆ. ದುಡ್ಡು ಯಾರು ಕೊಡ್ತಾ ಇದ್ದರು ಅನ್ನೋದರ ಮೇಲೆ.

ಮೊದಲು ವಸ್ತು ಏನು ಅಂತ ನೋಡೋಣ. ಬಿದ್ರಿ ಅಂದ್ರೆ ಬಹುಪಾಲು ಸತು, ಜತೆಗೆ ಸ್ವಲ್ಪ ತಾಮ್ರ. ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ ಅಂತ ಹೇಳ್ತಾರೆ, ಕಾರ್ಖಾನೆಯಿಂದ ಕಾರ್ಖಾನೆಗೆ ವ್ಯತ್ಯಾಸ ಇರುತ್ತೆ. ಇಲ್ಲೇ ಒಂದು ಸ್ವಾರಸ್ಯ ಇದೆ. ಸತುವನ್ನು ಅದಿರಿನಿಂದ ಬೇರೆ ಮಾಡೋದು ಕಬ್ಬಿಣ, ತಾಮ್ರದಷ್ಟು ಸುಲಭ ಅಲ್ಲ. ಸುಮಾರು 907 ಡಿಗ್ರಿ ಸೆಲ್ಸಿಯಸ್‌ಗೆ ಅದು ಆವಿಯಾಗಿ ಹಾರಿಹೋಗುತ್ತೆ. ಆ ಆವಿಯನ್ನು ಹಿಡಿದು ತಂಪು ಮಾಡಿ ಲೋಹ ಮಾಡಿಕೊಳ್ಳೋ ವಿದ್ಯೆ ರಾಜಸ್ಥಾನದ ಉದಯಪುರದ ಹತ್ತಿರ ಜಾವರ್‌ನಲ್ಲಿ ಶತಮಾನಗಳ ಹಿಂದೆಯೇ ಇತ್ತು. ಯುರೋಪಿನಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಶುರುವಾಗಿದ್ದು 18ನೇ ಶತಮಾನದಲ್ಲಿ. ಅಂದ್ರೆ ಬಿದ್ರಿ ಅನ್ನೋದು ತನ್ನ ಕಾಲದಲ್ಲಿ 'ಪುರಾತನ ಕಲೆ' ಆಗಿರಲೇ ಇಲ್ಲ. ಹೊಸ ಲೋಹದಲ್ಲಿ ಮಾಡಿದ ಹೊಸ ಮಾಲು ಅದು.

ಯಾರು ತಂದರು ಅನ್ನೋದಕ್ಕೆ ಬೀದರ್‌ನಲ್ಲಿ ಎಲ್ಲರೂ ಹೇಳೋ ಕತೆ ಒಂದಿದೆ. ಬಹಮನಿ ಸುಲ್ತಾನರ ಕಾಲದಲ್ಲಿ ಇರಾನಿನಿಂದ ಅಬ್ದುಲ್ಲಾ ಬಿನ್ ಕೈಸರ್ ಅನ್ನೋ ಕುಶಲಕರ್ಮಿ ಬಂದ, ಅವನೇ ಇಲ್ಲಿನವರಿಗೆ ಕಲಿಸಿದ ಅಂತ. ಇರಬಹುದು. 15ನೇ ಶತಮಾನದಲ್ಲಿ ರಾಜಧಾನಿ ಕಲಬುರಗಿಯಿಂದ ಬೀದರ್‌ಗೆ ಬಂದ ಮೇಲೆ ಇರಾನಿನಿಂದ ಕವಿಗಳು, ಸೂಫಿಗಳು, ವ್ಯಾಪಾರಿಗಳು ಬಂದದ್ದಂತೂ ನಿಜ. ಆದರೆ ಇವತ್ತು ನೋಡೋಕೆ ಸಿಗೋ ಹಳೇ ಬಿದ್ರಿ ವಸ್ತುಗಳು ಹೆಚ್ಚಾಗಿ 17ನೇ ಶತಮಾನದವು. ಕತೆಗೂ ಕೈಗೆ ಸಿಗೋ ವಸ್ತುವಿಗೂ ನಡುವೆ ದೊಡ್ಡ ಅಂತರ ಇದೆ.

ಆ ಅಂತರದಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಜಾಗ ಬೀದರ್ ಕೋಟೆಯೊಳಗಿನ ರಂಗೀನ್ ಮಹಲ್. ಬಹಮನಿಗಳ ನಂತರ ಬಂದ ಬರೀದ್ ಶಾಹಿಗಳಲ್ಲಿ ಅಲಿ ಬರೀದ್ ಕಾಲದ್ದು, 16ನೇ ಶತಮಾನದ್ದು. ಅಲ್ಲಿನ ಕಪ್ಪು ಕಲ್ಲಿನಲ್ಲಿ ಕಪ್ಪೆಚಿಪ್ಪಿನ ಹೊಳೆಯೋ ತುಣುಕುಗಳನ್ನು ಕೂರಿಸಿ ಬಳ್ಳಿ ಬರೆದಿದ್ದಾರೆ. ಕಪ್ಪಿನೊಳಗೆ ಬಿಳಿ. ಬಿದ್ರಿ ಇಲ್ಲಿಂದಲೇ ಹುಟ್ಟಿತು ಅಂತ ನಾನು ಹೇಳ್ತಾ ಇಲ್ಲ. ಆದರೆ ಆ ಊರಿನ ಕಣ್ಣಿಗೆ ಈ ರುಚಿ ಆಗಲೇ ಹತ್ತಿತ್ತು ಅನ್ನೋದು ಅಲ್ಲಿ ನಿಂತ್ರೆ ಗೊತ್ತಾಗುತ್ತೆ.

ಈಗ ಗಿರಾಕಿಗಳ ವಿಷಯಕ್ಕೆ ಬರೋಣ. 1619ರಲ್ಲಿ ಬೀದರ್ ಬಿಜಾಪುರದವರ ಕೈಗೆ ಹೋಯ್ತು. 1650ರ ದಶಕದಲ್ಲಿ ಔರಂಗಜೇಬ ಗೆದ್ದುಕೊಂಡ. ಆಮೇಲೆ ಹೈದರಾಬಾದ್ ನಿಜಾಮರದ್ದಾಯ್ತು. ಇಷ್ಟು ಸಲ ಒಡೆಯರು ಬದಲಾದರೂ ಬಿದ್ರಿ ನಿಲ್ಲಲಿಲ್ಲ. ಕಾರಣ ಏನು ಗೊತ್ತಾ? ಹುಕ್ಕಾ. ತಂಬಾಕು ದಖನ್ನಿಗೆ ಬಂದ ಮೇಲೆ ಹುಕ್ಕಾ ಸೇದೋದು ದೊಡ್ಡ ಮನುಷ್ಯರ ಲಕ್ಷಣ ಆಯ್ತು. ನೀರು ತುಂಬೋ ಬುಡ ಭಾರವಾಗಿರಬೇಕು, ಉರುಳಬಾರದು, ನಾಲ್ಕು ಜನರ ನಡುವೆ ಇಟ್ಟರೆ ಚಂದ ಕಾಣಬೇಕು. ಬಿದ್ರಿ ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಮೊದಮೊದಲು ಚೆಂಡಿನ ಹಾಗೆ ಗುಂಡಗೆ ಇರ್ತಿತ್ತು, ಕೆಳಗೆ ಬಳೆಯಂಥ ಆಸರೆ ಬೇಕಿತ್ತು. ಆಮೇಲೆ ಗಂಟೆಯ ಆಕಾರ ಬಂತು, ತಾನೇ ನಿಲ್ತಿತ್ತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಂಥ ಕಡೆ ಬಿದ್ರಿ ವಿಭಾಗ ನೋಡಿದರೆ ಹುಕ್ಕಾ ಬುಡಗಳದ್ದೇ ಸಾಲು. ಬೇಡಿಕೆ ಎಷ್ಟಿತ್ತು ಅಂದ್ರೆ ಲಖನೌ, ಮುರ್ಶಿದಾಬಾದ್, ಬಿಹಾರದ ಪೂರ್ಣಿಯಾದಲ್ಲೂ ಈ ಕೆಲಸ ಬೆಳೀತು. ಊರು ಬೇರೆ ಆದರೂ ಹೆಸರು ಮಾತ್ರ ಬೀದರ್‌ದೇ.

ಆಮೇಲೆ ಹುಕ್ಕಾ ಹೋಯ್ತು. ಕಂಪನಿ ಸಾಹೇಬರು ಚುರುಟಿಗೆ ಬದಲಾದರು, ನಂತರ ಸಿಗರೇಟು ಬಂತು, ನಮ್ಮವರ ಕೈಗೆ ಬೀಡಿ. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಬಿದ್ರಿ ಇಟ್ಟಾಗ ನೋಡಿದವರು ಮೆಚ್ಚಿಕೊಂಡರು. ಆದರೆ ಪ್ರದರ್ಶನದಲ್ಲಿ ಮೆಚ್ಚುವವನು ಬೇರೆ, ದಿನಾ ಬಳಸುವವನು ಬೇರೆ, ಅಲ್ವಾ? ದಿನಬಳಕೆಯ ವಸ್ತು ಅಲಂಕಾರದ ವಸ್ತುವಾಗಿದ್ದು ಹೆಚ್ಚುಕಮ್ಮಿ ಆ ಕಾಲದಲ್ಲಿ. ಹೂದಾನಿ, ತಟ್ಟೆ, ಪಾನ್ ಡಬ್ಬಿ ಹೈದರಾಬಾದಿನ ನವಾಬರ ಮನೆಗಳಿಗೆ, ಮದುವೆ ಉಡುಗೊರೆಗೆ ಹೋಗ್ತಿದ್ದವು. 1948ರಲ್ಲಿ ನಿಜಾಮರ ಆಳ್ವಿಕೆ ಮುಗೀತು. 1956ರಲ್ಲಿ ಭಾಷೆಯ ಲೆಕ್ಕದಲ್ಲಿ ರಾಜ್ಯಗಳಾದಾಗ ಬೀದರ್ ನಮ್ಮ ಕಡೆ ಬಂತು, ಹೈದರಾಬಾದ್ ಆಂಧ್ರಕ್ಕೆ ಹೋಯ್ತು. ನಮಗೆ ಅದು ಏಕೀಕರಣದ ಸಂಭ್ರಮ. ಬಿದ್ರಿ ಕೆಲಸಗಾರನಿಗೆ ಕಾರ್ಖಾನೆ ಒಂದು ರಾಜ್ಯದಲ್ಲಿ, ದೊಡ್ಡ ಪೇಟೆ ಇನ್ನೊಂದರಲ್ಲಿ. ಈ ಮಾತನ್ನ ನಮ್ಮ ಪಠ್ಯಪುಸ್ತಕಗಳಲ್ಲಿ ನಾನಂತೂ ಓದಿಲ್ಲ.

ಹೈದರಾಬಾದ್‌ನಲ್ಲಿ ಗೆಳೆಯನ ಮದುವೆ ಇತ್ತು. ಹೂದಾನಿಯನ್ನ ಹಳೇ ಪಂಚೆಯಲ್ಲಿ ಸುತ್ತಿಕೊಂಡು ಹೋದೆ, ಮದುವೆ ಮುಗಿಸಿ ಬೀದರ್ ಬಸ್ ಹತ್ತಿದೆ. ಚೌಬಾರದ ಆಸುಪಾಸಿನ ಒಂದು ಗಲ್ಲಿಯಲ್ಲಿ ಅರವತ್ತು ದಾಟಿದ ಒಬ್ಬರು ಕೆಲಸ ಮಾಡ್ತಾ ಕೂತಿದ್ದರು. ಅವರನ್ನ ಚಾಚಾ ಅಂತಲೇ ಕರೀತೀನಿ. ಪಂಚೆ ಬಿಚ್ಚಿದ ಕೂಡಲೇ ನಕ್ಕರು. 'ಹುಣಸಿಹಣ್ಣ ಹಚ್ಚ್ಯಾರ?' ಅಂದರು. ನಮ್ಮಮ್ಮನ ಹಾಗೆ ಬಹಳ ಜನ ಇದ್ದಾರೆ ಅಂತ ಗೊತ್ತಾಗಿ ಸಮಾಧಾನ ಆಯ್ತು.

ಅವರು ಕೆಲಸ ತೋರಿಸಿದರು. ರಾಳ, ಹರಳೆಣ್ಣೆ ಕಲಸಿದ ಮಣ್ಣಿನ ಅಚ್ಚಿಗೆ ಕರಗಿದ ಲೋಹ ಹೊಯ್ತಾರೆ. ಆರಿದ ಮೇಲೆ ಅರದಿಂದ ಉಜ್ಜಿ ನುಣುಪು ಮಾಡ್ತಾರೆ. ಮೈಲುತುತ್ತದ ನೀರು ಸವರಿದರೆ ತಾತ್ಕಾಲಿಕವಾಗಿ ಕಪ್ಪಾಗುತ್ತೆ, ಅದರ ಮೇಲೆ ಮೊಳೆಯಂಥ ಕಡ್ಡಿಯಲ್ಲಿ ಚಿತ್ರ. ಕಾಗದ ಇಲ್ಲ, ಅಚ್ಚಿಲ್ಲ, ಕೈಯಲ್ಲೇ. ಆಮೇಲೆ ಸಣ್ಣ ಉಳಿಗಳಿಂದ ಆ ಗೆರೆಗಳನ್ನ ಕೊರೆದು, ಕೊರೆದ ಗಾಡಿಯೊಳಗೆ ಬೆಳ್ಳಿ ತಂತಿ ಇಟ್ಟು ಮೆಲ್ಲಗೆ ಬಡೀತಾರೆ. ಅಂಟು ಗಿಂಟು ಏನೂ ಇಲ್ಲ, ಲೋಹವೇ ಲೋಹವನ್ನ ಕಚ್ಚಿ ಹಿಡಿಯುತ್ತೆ. ಕೊನೆಗೆ ಸ್ವಲ್ಪ ಬಿಸಿ ಮಾಡಿ, ನವಸಾಗರ ಮತ್ತು ಕೋಟೆಯ ಮಣ್ಣು ಕಲಸಿದ್ದನ್ನ ಉಜ್ಜುತ್ತಾರೆ. ಸತು ತಾಮ್ರದ ಮೈ ಕಪ್ಪಾಗುತ್ತೆ. ಬೆಳ್ಳಿಗೆ ಏನೂ ಆಗಲ್ಲ. ಆ ಕಪ್ಪು ಬರೋಕೆ ಬೇಕಾಗಿರೋದು ಅದರಲ್ಲಿರೋ ಚೂರು ತಾಮ್ರ. ಬರೀ ಸತುವಾಗಿದ್ದರೆ ಹಾಗೆ ಆಗ್ತಿರಲಿಲ್ಲ.

ಮಣ್ಣಿನ ಬಗ್ಗೆ ಎಲ್ಲರೂ ಮಾತಾಡ್ತಾರೆ. ಮಳೆ, ಬಿಸಿಲು ಬೀಳದ ಕೋಟೆಯ ಹಳೇ ಭಾಗದ ಮಣ್ಣೇ ಆಗಬೇಕು, ನಾಲಿಗೆ ಮೇಲಿಟ್ಟು ರುಚಿ ನೋಡಿ ಆರಿಸ್ತಾರೆ. ನನಗೂ ಒಂದು ಚಿಟಿಕೆ ಕೊಟ್ಟರು. ಉಪ್ಪುಪ್ಪಾಗಿ ಇತ್ತು. ವರದಿ, ವಿಡಿಯೋಗಳೆಲ್ಲ ಈ ಮಣ್ಣಿನ ಸುತ್ತಲೇ ಸುತ್ತುತ್ತವೆ. ಕೇಳೋಕೆ ರೋಚಕ, ಒಪ್ತೀನಿ. ಆದರೆ ಬಿದ್ರಿಗೆ ಇವತ್ತು ಕೊರತೆಯಾಗಿರೋದು ಮಣ್ಣು ಅಲ್ಲ.

ನಾನು ನನ್ನ ಓದಿನ ಬುದ್ಧಿ ತೋರಿಸಿದೆ. 'ಚಾಚಾ, ಒಂದು ಪೆಟ್ಟಿಗೆಗೆ ಖರ್ಚು ಎಷ್ಟು, ಲೆಕ್ಕ ಹಾಕೋಣ' ಅಂತ ಫೋನ್ ತೆಗೆದೆ. ಸತು ಬರೆದೆ. ತಾಮ್ರ ಬರೆದೆ. ಇದ್ದಿಲು, ಪಾಲಿಶ್ ಎಣ್ಣೆ. ಬೆಳ್ಳಿ ಬರೆಯುವಾಗ ಅವರು ನಿಟ್ಟುಸಿರು ಬಿಟ್ಟರು. ಕೆಲವೇ ವರ್ಷದಲ್ಲಿ ಬೆಳ್ಳಿ ದರ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ನಿಮಗೂ ಗೊತ್ತು. ಹೊರಗೆ ಕೊರೆಯೋಕೆ ಕೊಟ್ಟರೆ ಅದರ ಮಜೂರಿ. 'ನಿಮ್ಮ ಕೂಲಿ ಎಷ್ಟು ಬರೀಲಿ?' ಅಂದೆ.

'ಅದೆಲ್ಲ ಕಳದು ಉಳದದ್ದೇ ನಂದು, ಬೇಟಾ.'

ಕಾಮರ್ಸ್ ಓದಿದವರಿಗೆ ಇದರ ಅರ್ಥ ತಕ್ಷಣ ಆಗುತ್ತೆ. ಬೆಳ್ಳಿ ದರ ಏರಿದರೆ ಬೆಳ್ಳಿ ವ್ಯಾಪಾರಿಗೆ ಏನೂ ನಷ್ಟ ಇಲ್ಲ. ಅಂಗಡಿಯವನ ಮಾರ್ಜಿನ್ ಹಾಗೇ ಇರುತ್ತೆ. ಎಲ್ಲ ಏರಿಳಿತ ಬಂದು ಬೀಳೋದು ಕೊನೆಯ ಸಾಲಿನಲ್ಲಿರೋ ಈ ಕೈಯ ಮೇಲೆ. 2006ರಲ್ಲಿ ಬಿದ್ರಿಗೆ ಜಿಐ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು, ಇಡೀ ಊರು ಹೆಮ್ಮೆ ಪಡಬೇಕಾದ ವಿಷಯ. ಆದರೆ ಜಿಐ ಕಾಪಾಡೋದು ಹೆಸರನ್ನ. ಬೇರೆ ಕಡೆ ಮಾಡಿ ಬೀದರ್‌ದು ಅಂತ ಮಾರಬೇಡಿ ಅನ್ನುತ್ತೆ. ಮಾಡಿದವನಿಗೆ ಗಂಟೆಗೆ ಇಷ್ಟು ಕೊಡಿ ಅನ್ನಲ್ಲ.

ಇನ್ನೊಂದು ವಿಷಯ ನನಗೆ ಅಲ್ಲಿ ಹೋಗೋವರೆಗೂ ಹೊಳೆದಿರಲಿಲ್ಲ. 'ಬಿದ್ರಿ ಸಾಯ್ತಾ ಇದೆ' ಅಂತ ನಾವು ಹೇಳ್ತೀವಲ್ಲ, ಅದು ಪೂರ್ತಿ ನಿಜ ಅಲ್ಲ. ಕೀಚೈನ್, ಪೆನ್‌ಡ್ರೈವ್, ಕಿವಿಯೋಲೆ, ಸನ್ಮಾನದ ಸ್ಮರಣಿಕೆ ಎಲ್ಲ ಮಾರಾಟ ಆಗ್ತಿವೆ. ಹುಕ್ಕಾ ಹೋದಾಗ ಹೂದಾನಿಗೆ ಬದಲಾದ ಕಲೆ ಇವತ್ತು ಕೀಚೈನ್‌ಗೆ ಬದಲಾದರೆ ಅದರಲ್ಲಿ ತಪ್ಪೇನಿದೆ ಅಂತ ನಾನೂ ವಾದ ಮಾಡ್ತಿದ್ದೆ. ಆದರೆ ಬಿದ್ರಿಯಲ್ಲಿ ಬೆಳ್ಳಿ ಕೂರಿಸೋ ರೀತಿ ಒಂದೇ ಅಲ್ಲ. ತಂತಿ ಕೂರಿಸೋದು ತಾರಕಶಿ. ಬೆಳ್ಳಿ ತಗಡನ್ನ ಎಸಳಿನ ಆಕಾರಕ್ಕೆ ಕತ್ತರಿಸಿ ಆಳವಾಗಿ ಕೂರಿಸೋದು ತಹನಿಶಾನ್. ಮೈಯಿಂದ ಉಬ್ಬಿ ನಿಲ್ಲೋ ಹಾಗೆ ಮಾಡೋದು ಜರ್‌ನಿಶಾನ್. ಅಫ್ತಾಬಿಯಲ್ಲಂತೂ ಲೆಕ್ಕವೇ ತಲೆಕೆಳಗು. ಇಡೀ ಮೈಗೆ ಬೆಳ್ಳಿ ಹೊದಿಸಿ, ಅದರಲ್ಲಿ ಕತ್ತರಿಸಿದ ಜಾಗದಿಂದ ಕಪ್ಪು ಹೂವು ಇಣುಕುತ್ತೆ. ಕೀಚೈನ್‌ಗೆ ಇವು ಯಾವುದೂ ಬೇಡ. ಒಂದು ಬಳ್ಳಿ, ಎರಡು ಸುಳಿ ಸಾಕು. ಹೊಸಬ ಹುಡುಗ ಅಷ್ಟು ಕಲಿತರೆ ಆರ್ಡರ್ ಮುಗಿಯುತ್ತೆ. ಮುಂದಿನದನ್ನ ಕಲಿಯೋಕೆ ವರ್ಷಗಟ್ಟಲೆ ಬೇಕು, ಆ ವರ್ಷಗಳಿಗೆ ದುಡ್ಡು ಕೊಡೋರು ಇಲ್ಲ. ಅಂಗಡಿ ತುಂಬಿರುತ್ತೆ, ಕಲೆ ಮಾತ್ರ ಒಳಗೊಳಗೇ ಸಣ್ಣದಾಗ್ತಾ ಹೋಗುತ್ತೆ. ಅಂಕಿಅಂಶದಲ್ಲಿ ಇದು ಕಾಣಿಸೋದೇ ಇಲ್ಲ.

ಅಷ್ಟರಲ್ಲಿ ಚಾಚಾ ನಮ್ಮ ಹೂದಾನಿಯನ್ನ ಬೆಳಕಿಗೆ ಹಿಡಿದು ತಿರುಗಿಸಿ ನೋಡ್ತಾ ಇದ್ದರು. ಒಂದು ಹೂವಿನ ಮೇಲೆ ಹೆಬ್ಬೆರಳು ಆಡಿಸಿದರು. ಐದೆಸಳಲ್ಲಿ ಒಂದು ಎಸಳಿನ ತಗಡು ಯಾವತ್ತೋ ಬಿದ್ದುಹೋಗಿತ್ತು, ನಾನು ಗಮನಿಸಿಯೇ ಇರಲಿಲ್ಲ. 'ಈ ಕೆಲಸ ಭಾಳ ಸಾಫ್ ಅದ' ಅಂದರು. 'ಎಸಳಿನ ಅಂಚು ನೋಡು. ನಮ್ಮ ಅಬ್ಬಾನ ಕಾಲದಾಗ ಹಿಂಗ ಕಡಿಯವರು ಇದ್ದರು. ನನಗ ಬರ್ತದ. ನನ್ನ ಮಗಗ ಬರಂಗಿಲ್ಲ, ಅಂವ ಕಲೀಲಿಲ್ಲ, ನಾ ಹೇಳಲಿಲ್ಲ.'

ಮಗ ಹೈದರಾಬಾದಿನಲ್ಲಿ ಎಸಿ ರಿಪೇರಿ ಮಾಡ್ತಾನೆ. ತಿಂಗಳಿಗೆ ಸರಿಯಾಗಿ ದುಡ್ಡು ಬರುತ್ತೆ.

ಎಸಳು ಹೊಸದಾಗಿ ಕೂರಿಸಬಹುದಾ ಅಂತ ಕೇಳಿದೆ. ಕೂರಿಸಬಹುದು, ಹಳೇ ಗಾಡಿ ಸ್ವಚ್ಛ ಮಾಡಿ, ಅಂಚು ಮತ್ತೆ ಕಡಿದು, ತಗಡು ಕತ್ತರಿಸಿ ಹೊಂದಿಸಬೇಕು, ಒಂದು ದಿನದ ಕೆಲಸ ಅಂದರು. ದುಡ್ಡು ಹೇಳಿದರು. ಒಂದು ದಿನದ ಕೆಲಸಕ್ಕೆ ಅದು ಹೆಚ್ಚೇನೂ ಅಲ್ಲ. ಈ ಮೈಕು ಕೊಳ್ಳುವಾಗ ನಾನು ಅದರ ಎಷ್ಟೋ ಪಟ್ಟು ಕೊಟ್ಟಿದ್ದೀನಿ, ಚೌಕಾಸಿ ಮಾಡದೆ. ಆದರೆ ಆ ಹೊತ್ತಿಗೆ ನನ್ನ ತಲೆಯಲ್ಲಿ ಓಡಿದ್ದು ಬರೀ ಒಂದು ಎಸಳಿಗೆ ಇಷ್ಟಾ ಅನ್ನೋದು. ಸಂಜೆ ಬಸ್ಸಿಗೆ ಟಿಕೆಟ್ ಬೇರೆ ಮಾಡಿಸಿದ್ದೆ. 'ಬೇಡ ಬಿಡಿ ಚಾಚಾ, ಕಪ್ಪು ಮಾತ್ರ ಮಾಡಿಕೊಡಿ' ಅಂದುಬಿಟ್ಟೆ.

ಅವರು ಏನೂ ಅನ್ನಲಿಲ್ಲ. ಒಲೆಯ ಮೇಲೆ ಬಿಸಿ ಮಾಡಿ, ಮಣ್ಣು ಉಜ್ಜಿದರು. ನನ್ನ ಕಣ್ಣೆದುರೇ ಆ ಬೂದಿ ಬಣ್ಣ ಕಡುಕಪ್ಪಾಗಿ ತಿರುಗಿತು. ತೊಳೆದು, ಎಣ್ಣೆ ಸವರಿ ಬಟ್ಟೆಯಲ್ಲಿ ಒರೆಸಿ ಕೈಗೆ ಕೊಟ್ಟರು. ಇದಕ್ಕೆ ತಗೊಂಡದ್ದು ನೂರು ರೂಪಾಯಿ. ಜತೆಗೆ ಚಹಾ ಅವರದೇ.

ಈಗ ಹೂದಾನಿ ಮತ್ತೆ ಶೋಕೇಸಿನಲ್ಲಿದೆ. ಮುಂಚೆಗಿಂತ ಕಪ್ಪಾಗಿದೆ, ಹಾಗಾಗಿ ಎಸಳು ಇಲ್ಲದ ಜಾಗ ಮುಂಚೆಗಿಂತ ಚೆನ್ನಾಗಿ ಕಾಣುತ್ತೆ. ಈ ಸಂಚಿಕೆ ರೆಕಾರ್ಡ್ ಮಾಡೋ ಮೊದಲು ಚಾಚಾಗೆ ಫೋನ್ ಮಾಡಿದ್ದೆ, ಎಸಳು ಹಾಕಿಸೋಕೆ ಬರ್ತೀನಿ ಅಂತ. ರಂಜಾನ್ ಮುಗಿಸಿಕೊಂಡು ಬಾ ಅಂದರು. ಈಗೀಗ ಕಣ್ಣು ಸ್ವಲ್ಪ ಮಂಜಾಗ್ತಿದೆ, ತಡ ಮಾಡಬೇಡ ಅಂತಲೂ ಅಂದರು.

ಅಂದ ಹಾಗೆ, ನಿಮ್ಮ ಮನೆಯಲ್ಲೂ ಬಿದ್ರಿ ಇದ್ದರೆ ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ಪುಡಿ ಯಾವುದನ್ನೂ ಹತ್ತಿರಕ್ಕೆ ತರಬೇಡಿ. ಮೆತ್ತನೆ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ, ಅಷ್ಟೇ. ಮುಂದಿನ ವಾರ ಸಿಗೋಣ.