ಮೇಜಿನ ಮೇಲೊಂದು ಮೀಟರ್‌ಗೇಜ್ ಯಾರ್ಡು

ರೋಣ, ನರಗುಂದ, ಗಜೇಂದ್ರಗಡ. ಈ ಮೂರು ಪಟ್ಟಣಗಳ ಒಳಗೆ ರೈಲು ಬರಲೇ ಇಲ್ಲ. ರೋಣದವರಿಗೆ ಮಲ್ಲಾಪುರ, ಹೊಳೆಆಲೂರು ನಿಲ್ದಾಣಗಳು ತಕ್ಕಮಟ್ಟಿಗೆ ಹತ್ತಿರ. ಉಳಿದ ಎರಡು ಊರಿನವರು ರೈಲು ಹಿಡಿಯಬೇಕೆಂದರೆ ದೂರದ ನಿಲ್ದಾಣದ ಹಾದಿ ಹಿಡಿಯಬೇಕು. ಆದರೂ ಈ ಸೀಮೆಯ ರೈಲು ಯಾರ್ಡುಗಳ ಕತೆ ಹೇಳುವವರು ಹಳಿಯಿಂದ ದೂರವಿದ್ದ ಇಂಥ ಊರುಗಳಿಂದಲೇ ಆರಂಭಿಸಬೇಕಾಗುತ್ತದೆ. ಯಾರ್ಡಿಗೆ ಸರಕು ಬರುತ್ತಿದ್ದುದು ಇಲ್ಲಿಯ ಎರೆ ಹೊಲಗಳಿಂದ, ಚಕ್ಕಡಿಗಳ ಮೇಲೆ.

19ನೆಯ ಶತಮಾನದ ನಡುಭಾಗದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಬಂದರಿನ ಹೆಸರೇ ಸರಕಿಗೂ ಅಂಟಿಕೊಂಡು, ಮುಂಬಯಿ ಪೇಟೆಯಲ್ಲಿ ಅದು ‘ಕುಮಟಾ ಹತ್ತಿ’ ಎನಿಸಿತು. 1876–78ರ ಭೀಕರ ಬರದ ನಂತರ ಸರ್ಕಾರ ಬರಪೀಡಿತ ಸೀಮೆಗಳಿಗೆ ಧಾನ್ಯ ಮುಟ್ಟಿಸುವ ಹಳಿಗಳ ಬಗ್ಗೆ ಯೋಚಿಸತೊಡಗಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1884ರ ಹೊತ್ತಿಗೆ ಹೋಟಗಿಯಿಂದ ವಿಜಾಪುರ, ಬಾದಾಮಿ, ಹೊಳೆಆಲೂರು ಹಾದು ಗದಗಿಗೆ ಮೀಟರ್‌ಗೇಜ್ ಹಳಿ ಬಂತು. ಧಾನ್ಯ ತರಲೆಂದು ಬಂದ ರೈಲು ಹತ್ತಿ ಒಯ್ಯುವ ರೈಲೂ ಆಯಿತು. ಅದೇ ದಶಕದ ಕೊನೆಗೆ ಕ್ಯಾಸಲ್‌ರಾಕ್ ಮೂಲಕ ಮರ್ಮಗೋವಾ ಬಂದರಿಗೂ ದಾರಿ ತೆರೆಯಿತು. ಕುಮಟಾದ ಹತ್ತಿ ವ್ಯಾಪಾರ ಸೊರಗಿತು.

ಇಂದು ಯಾರಾದರೂ ಆ ಕಾಲದ ಯಾರ್ಡಿನ ಪುಟ್ಟ ಮಾದರಿಯನ್ನು ಮನೆಯ ಮೇಜಿನ ಮೇಲೆ ಕಟ್ಟಬೇಕೆಂದರೆ ನಕ್ಷೆ ಎಲ್ಲಿಂದ ಶುರುವಾಗಬೇಕು? ಹೆಚ್ಚಿನವರು ಎಂಜಿನ್ನಿನಿಂದ ಶುರು ಮಾಡಿ ತಪ್ಪುತ್ತಾರೆ. ಶುರು ಮಾಡಬೇಕಾದ್ದು ಚಕ್ಕಡಿಯಿಂದ. ಎತ್ತಿನ ಗಾಡಿ ಬಂದು ತಿರುಗಲು ಜಾಗ, ಅದರ ಪಕ್ಕ ಗೂಡ್ಸ್ ಶೆಡ್ಡಿನ ಕಟ್ಟೆ, ಕಟ್ಟೆಯ ಇನ್ನೊಂದು ಮಗ್ಗುಲಲ್ಲಿ ವ್ಯಾಗನ್ ನಿಲ್ಲುವ ಹಳಿ. ಹಮಾಲರು ಬೇಲು ಹೊತ್ತು ಒಳಗಿಡುತ್ತಿರುವಾಗ ಆ ವ್ಯಾಗನ್ನನ್ನು ಯಾರೂ ಎಳೆಯಬಾರದು. ಆದ್ದರಿಂದ ಸರಕಿನ ಹಳಿ ಮುಖ್ಯ ಹಳಿಯಿಂದ ಬೇರೆಯಾಗಿರಬೇಕು. ಎದುರು ಬದುರು ಬರುವ ಗಾಡಿಗಳು ಒಂದನ್ನೊಂದು ದಾಟಲು ಲೂಪ್ ಲೈನ್ ಬೇಕು. ತುಂಬಿದ ವ್ಯಾಗನ್‌ಗಳನ್ನು ಊರುವಾರು ಬೇರ್ಪಡಿಸಲು ಏಣಿಯ ಮೆಟ್ಟಿಲಿನಂತೆ ಒಂದರ ಪಕ್ಕ ಒಂದು ಕವಲೊಡೆಯುವ ಹಳಿಗಳು ಬೇಕು.

ಇಷ್ಟಾದರೂ ಸಾಲದು. ಶಂಟಿಂಗ್ ಎಂಜಿನ್ ಹಿಂದೆ ಮುಂದೆ ಓಡಾಡಲು ಮುಖ್ಯ ಹಳಿಗೆ ತಾಗದ ಒಂದು ಮೊಂಡು ಹಳಿ ಇರಲೇಬೇಕು. ಅದಿಲ್ಲದಿದ್ದರೆ ಪ್ರತಿ ಸಲ ವ್ಯಾಗನ್ ಜೋಡಿಸುವಾಗಲೂ ಮುಖ್ಯ ಹಳಿ ಕಟ್ಟಿಹೋಗಿ, ಮೇಲ್ ಗಾಡಿ ಹೊರ ಸಿಗ್ನಲ್ಲಿನಲ್ಲಿ ಕೂಗುತ್ತ ನಿಲ್ಲುತ್ತದೆ. ಮಾದರಿ ಕಟ್ಟುವವರು ಮೊದಲು ಮರೆಯುವುದೂ ಇದನ್ನೇ.

ಈ ಮೊಂಡು ಹಳಿಯ ಉದ್ದ ಎಷ್ಟು ಮುಖ್ಯವೆಂಬುದನ್ನು ಬ್ರಿಟನ್ನಿನ ಆಲನ್ ರೈಟ್ ಎಂಬ ಹವ್ಯಾಸಿ ‘ಇಂಗಲ್‌ನುಕ್ ಸೈಡಿಂಗ್ಸ್’ ಎಂಬ ಪುಟ್ಟ ಮಾದರಿಯಲ್ಲಿ ತೋರಿಸಿದರು. ಅದರಲ್ಲಿ ಮೂರೇ ಕವಲು. ಒಂದರಲ್ಲಿ ಐದು ವ್ಯಾಗನ್ ಹಿಡಿಸುತ್ತವೆ, ಉಳಿದೆರಡರಲ್ಲಿ ಮೂರು ಮೂರು. ಮೊಂಡು ಹಳಿಯಲ್ಲಿ ಎಂಜಿನ್ ಜೊತೆ ಮೂರೇ ವ್ಯಾಗನ್ನಿಗೆ ಜಾಗ. ಎಂಟು ವ್ಯಾಗನ್‌ಗಳಿಂದ ಚೀಟಿ ಎತ್ತಿ ಬಂದ ಐದನ್ನು, ಬಂದ ಕ್ರಮದಲ್ಲೇ ಜೋಡಿಸಬೇಕು. ಅಂಥ ಜೋಡಣೆಗಳು 6,720. ನೋಡಲು ಮಕ್ಕಳಾಟ, ಆಡಲು ಕುಳಿತರೆ ಬೆವರು. ಗದಗಿನಂಥ ಜಂಕ್ಷನ್ನುಗಳಲ್ಲಿ ಶಂಟಿಂಗ್ ಜಮಾದಾರರು ಹಸಿರು–ಕೆಂಪು ಬಾವುಟ ಹಿಡಿದು ಇಂಥದೇ ಲೆಕ್ಕವನ್ನು ಕಾಗದವಿಲ್ಲದೆ ಬಿಡಿಸುತ್ತಿದ್ದರು.

ಹೋಟಗಿಯಲ್ಲಿ ತೊಡಕು ಬೇರೆಯದು. ಅಲ್ಲಿ ಈ ಮೀಟರ್‌ಗೇಜ್ ಹಳಿ, ಮುಂಬಯಿಯಿಂದ ರಾಯಚೂರಿನತ್ತ ಹೋಗುವ ಬ್ರಾಡ್‌ಗೇಜ್ ಹಳಿಯನ್ನು ಸಂಧಿಸುತ್ತಿತ್ತು. ಒಂದರ ಅಗಲ 1,000 ಮಿಲಿಮೀಟರ್, ಇನ್ನೊಂದರದು 1,676. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡದು. ಮುಂಬಯಿಗೆ ಹೊರಟ ಸರಕನ್ನೆಲ್ಲ ಇಳಿಸಿ ಮತ್ತೆ ಏರಿಸಬೇಕು. ಹೀಗಾಗಿ ಗೇಜ್ ಬದಲಾಗುವ ಯಾರ್ಡಿನ ನಕ್ಷೆಯಲ್ಲಿ ಎರಡು ಅಗಲದ ಹಳಿಗಳು ಒಂದೇ ಕಟ್ಟೆಯ ಎರಡು ಬದಿಗೆ ಬರಬೇಕಾಗುತ್ತದೆ.

1992ರಲ್ಲಿ ಏಕ–ಗೇಜ್ ಯೋಜನೆ ಆರಂಭವಾಯಿತು. ಹುಬ್ಬಳ್ಳಿ–ಗದಗ–ಗುಂತಕಲ್ ಮಾರ್ಗ ಆ ದಶಕದಲ್ಲೇ ಅಗಲವಾಯಿತು. ಹೋಟಗಿ ಮಾರ್ಗದ ಕೆಲಸ ತೆವಳುತ್ತ ಸಾಗಿ ಈ ಶತಮಾನದ ಮೊದಲ ದಶಕದಲ್ಲಿ ಮುಗಿಯಿತು. ಜನಕ್ಕೆ ಅನುಕೂಲವಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಯಾರ್ಡುಗಳ ಹಳಿ, ಪಾಯಿಂಟ್ಸು, ಸನ್ನೆಕೋಲು ಎಲ್ಲ ಕಿತ್ತುಹೋದವು. ಹಳೆಯ ಎಂಜಿನ್ನನ್ನು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಬಹುದು. 2020ರಲ್ಲಿ ಹುಬ್ಬಳ್ಳಿಯಲ್ಲಿ ಅಂಥದೊಂದು ರೈಲು ವಸ್ತುಸಂಗ್ರಹಾಲಯವೂ ಆಯಿತು. ಯಾರ್ಡನ್ನು ಹಾಗೆ ಎತ್ತಿಡಲು ಬರುವುದಿಲ್ಲ. ಅದು ವಸ್ತುವಲ್ಲ, ಕೆಲಸದ ಕ್ರಮ. ಆ ಕ್ರಮವನ್ನು ಮತ್ತೆ ನಡೆಸಿ ನೋಡಲು ಈಗ ಉಳಿದಿರುವುದು ಮೇಜಿನ ಮೇಲಿನ ಮಾದರಿಯೊಂದೇ.

ಅಳತೆಯೂ ಅದಕ್ಕೆ ಒದಗಿ ಬರುತ್ತದೆ. ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ ಎಚ್‌ಓ ಮಾನದಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. ಮೀಟರ್‌ಗೇಜ್ ಅಲ್ಲಿ 11.5 ಮಿಲಿಮೀಟರ್ ಆಗುತ್ತದೆ. ಸಿದ್ಧವಾಗಿ ಸಿಗುವ ಹಳಿ 12 ಮಿಲಿಮೀಟರಿನದು, ಅಂದರೆ ಕೂದಲೆಳೆಯ ಅಂತರ. ನಮ್ಮ ಬ್ರಾಡ್‌ಗೇಜಿಗೆ 19 ಮಿಲಿಮೀಟರಿಗಿಂತ ಹೆಚ್ಚು ಬೇಕು, ಸಿಗುವುದು ಯುರೋಪಿನ ಅಳತೆಯ 16.5. ಕಿತ್ತುಹಾಕಿದ ಹಳಿಯೇ ಮಾದರಿಗೆ ಹೆಚ್ಚು ನಿಜವಾಗಿ ಒಗ್ಗುವುದು ಒಂದು ಚೋದ್ಯ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರಂ ಈ ಮಾನದಲ್ಲೂ 17 ಮೀಟರ್ ದಾಟುತ್ತದೆ. ಅಷ್ಟು ಉದ್ದದ ಪಡಸಾಲೆ ಯಾರ ಮನೆಯಲ್ಲಿದೆ? ಹೊಳೆಆಲೂರಿನಂಥ ಚಿಕ್ಕ ನಿಲ್ದಾಣವಾದರೆ ಆ ಚಿಂತೆಯಿಲ್ಲ. ಆರು ಮೀಟರಿನ ವ್ಯಾಗನ್ ಏಳು ಸೆಂಟಿಮೀಟರಿಗೆ ಇಳಿಯುತ್ತದೆ. ಹನ್ನೆರಡು ವ್ಯಾಗನ್ನಿನ ಲೂಪಿಗೆ ಒಂದು ಮೀಟರಿಗಿಂತ ಕಡಿಮೆ ಸಾಕು. ಒಂದು ಮುಖ್ಯ ಹಳಿ, ಒಂದು ಲೂಪ್, ಒಂದು ಸರಕಿನ ಹಳಿ ಎಳೆದ ಮೇಲೂ ಹಲಗೆಯ ಅಂಚಿನಲ್ಲಿ ನಾಲ್ಕು ಬೆರಳು ಜಾಗ ಮಿಗುತ್ತದೆ, ಚಕ್ಕಡಿ ತಿರುಗುವಷ್ಟು.